ಸ್ಪ್ಯಾನಿಷ್‌ಗೆ ಕನ್ನಡದ ದಾರಿ ಹತ್ತಿರ

ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುವವರೊಬ್ಬರು ಹಳೇ ಪುಸ್ತಕ ಹಿಡಿದು ಗಂಗಾವತಿಯ ನಮ್ಮ ಮನೆಗೆ ಬಂದರು. ವಯಸ್ಸು ನಲವತ್ತು ದಾಟಿದೆ. ಅಕ್ಕನ ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಓದಿ ಬಿಟ್ಟ ಸ್ಪ್ಯಾನಿಷ್ ಪಠ್ಯ ಅದು. "ಸರ್, ಇದರಾಗ ಬರೇ ಪೆನ್ಸಿಲ್ಲು, ಚೀಲ, ನಾಯಿಮರಿ ಅದಾವ್ರಿ. ಬಂದೋರು ಬಿಸಿನೀರು ಕೇಳ್ತಾರ. ಇದನ್ನ ಓದಿ ಏನ್ ಮಾಡ್ಲಿ?"

ಸ್ಪ್ಯಾನಿಷ್ ಕಲಿಸುವುದೇ ನನ್ನ ಕೆಲಸ. ಪುಸ್ತಕ ಚೆನ್ನಾಗಿಯೇ ಇತ್ತು. ತೊಡಕು ಇದ್ದದ್ದು ಅದರೊಳಗಿನ ಇಂಗ್ಲಿಷ್ ವಿವರಣೆಯಲ್ಲಿ. ದೊಡ್ಡವರು ಸ್ಪ್ಯಾನಿಷನ್ನು ಇಂಗ್ಲಿಷ್‌ಗೆ ತಂದು, ಅಲ್ಲಿಂದ ಕನ್ನಡಕ್ಕೆ ಎಳೆಯುತ್ತಾರೆ. ಸುಮ್ನೆ ಸುತ್ತು ದಾರಿ.

'ಮೆ ಗುಸ್ತಾ ಎಲ್ ಮಾಂಗೊ' ನೋಡಿ. ಇಂಗ್ಲಿಷ್‌ನವರು ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಅದು 'ನನಗೆ ಮಾವು ಇಷ್ಟ', ಅಷ್ಟೇ. 'ನನಗೆ' ಅನ್ನುವುದೇ 'ಮೆ'. 'ಮೆ ದುವೇಲೆ ಲಾ ಕಬೆಸಾ' ಅಂದರೆ ನನಗೆ ತಲೆ ನೋಯುತ್ತಿದೆ. 'ನಾನು' ಅಂತ ಪ್ರತಿ ಸಲ ಹೇಳಬೇಕಿಲ್ಲ. 'ಹೋಗುತ್ತೇನೆ' ಅಂದರೆ ಯಾರು ಅಂತ ಗೊತ್ತಾಗುತ್ತದಲ್ವಾ, ಹಾಗೇ 'ವೋಯ್'. 'ತೂ' ನೀನು, 'ಉಸ್ತೆದ್' ನೀವು. ಒಂದು ಎಚ್ಚರ: 'ಉಸ್ತೆದ್' ಜೊತೆ ಬರುವುದು 'ಅವನು, ಅವಳು'ಗೆ ಹಾಕುವ ಕ್ರಿಯಾಪದ.

ಎಲ್ಲರೂ ಎಡವುವುದು 'ಸೆರ್', 'ಎಸ್ತಾರ್' ಅನ್ನುವ ಎರಡು ಕ್ರಿಯಾಪದಗಳ ಹತ್ತಿರ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ, 'ಬಿ' (ಈಸ್, ಆರ್). ಕನ್ನಡದಲ್ಲಿ 'ಅವನು ಮೇಷ್ಟ್ರು' ಅನ್ನುವಾಗ ಕ್ರಿಯಾಪದವೇ ಇಲ್ಲ. ಅಲ್ಲಿ 'ಸೆರ್'ನ ರೂಪ 'ಎಸ್' ಹಾಕಿ. 'ಮನೆಯಲ್ಲಿದ್ದಾನೆ', 'ಸುಸ್ತಾಗಿದ್ದಾನೆ' ಅನ್ನುವಾಗ 'ಇರು' ಬಂತು. ಅಲ್ಲಿ 'ಎಸ್ತಾರ್'ನ ರೂಪ 'ಎಸ್ತಾ'. ಆರಂಭಕ್ಕೆ ಇಷ್ಟು ಸಾಕು, ಆದರೆ ಪೂರ್ತಿ ನಂಬಬೇಡಿ. 'ಎತ್ತರ ಇದ್ದಾನೆ' ಅನ್ನುತ್ತೇವೆ, ಸ್ಪ್ಯಾನಿಷ್‌ನಲ್ಲಿ ಅದು 'ಎಸ್ ಆಲ್ತೊ'. ಮದುವೆ ಗಂಗಾವತಿಯಲ್ಲಿದೆ ಅನ್ನುವುದಕ್ಕೂ 'ಎಸ್' ಬೇಕು, ಯಾಕೆಂದರೆ ಮದುವೆ ಅಲ್ಲಿ ನಡೆಯುವ ಸಂಗತಿ.

ಉಚ್ಚಾರದಲ್ಲೂ ನಮಗೆ ಲಾಭ ಇದೆ. ಅಲ್ಲಿನ ತ, ದ ನಮ್ಮ ಹಾಗೆ ಹಲ್ಲಿಗೆ ತಾಗುವಂಥವು. ಸ್ವರ ಐದೇ. 'ಖೋತಾ' ಅನ್ನುವ ಅಕ್ಷರಕ್ಕೆ (ಇಂಗ್ಲಿಷ್‌ನ ಜೆ) ನಮ್ಮೂರ ಉರ್ದು ಮಾತಾಡುವವರು 'ಖಬರ್' ಅನ್ನುವುದನ್ನು ಕಿವಿಗೊಟ್ಟು ಕೇಳಿ, ಗಂಟಲಿನ ಆ ಗೊರಗು ಸ್ಪೇನಿನವರ ಉಚ್ಚಾರಕ್ಕೆ ಹತ್ತಿರ. 'ಪೆರೊ' ಅಂದರೆ ಆದರೆ. ಅದರ 'ರ'ವನ್ನು ನಾಲಿಗೆ ಗುಡುಗಿಸಿ ಹೇಳಿದರೆ ನಾಯಿ!

ಇನ್ನು ಪುಸ್ತಕ ಬಳಸುವ ಬಗೆ. ಆಡಿಯೋ ಸಿಕ್ಕರೆ ಪುಟ ಮುಚ್ಚಿ ಮೊದಲು ಕೇಳಿ. ಸಿಗದಿದ್ದರೆ ಗಟ್ಟಿಯಾಗಿ ಓದಿ. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಮೊದಲ ಎರಡು ಮೂರು ಪಾಠಕ್ಕೆ ಸಾಕು. ಆಮೇಲೂ ಬಿಡದಿದ್ದರೆ ಕಣ್ಣು ಅದಕ್ಕೇ ಅಂಟಿಕೊಳ್ಳುತ್ತದೆ. ಅಭ್ಯಾಸದ ಪ್ರಶ್ನೆಗಳನ್ನು ನಾಚಿಕೆ ಬಿಟ್ಟು ಬರೆಯಿರಿ. ದೊಡ್ಡವರು 'ಇದು ಮಕ್ಕಳದ್ದು' ಅಂತ ಹಾರಿಸುವುದು ಅವನ್ನೇ. ನಾಮಪದವನ್ನು ಅದರ ಮುಂದೆ ಬರುವ ಪುಲ್ಲಿಂಗದ 'ಎಲ್' ಅಥವಾ ಸ್ತ್ರೀಲಿಂಗದ 'ಲಾ' ಸಮೇತ ಬಾಯಿಪಾಠ ಮಾಡಿ. ಕನ್ನಡದಲ್ಲಿ ಮೇಜು, ಕುರ್ಚಿಗಳು ನಪುಂಸಕ. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದಕ್ಕೆ ಕನ್ನಡದಿಂದ ಯಾವ ಸಹಾಯವೂ ಇಲ್ಲ. ಹಿಂದಿ ಬರುವವರಿಗೆ ಇಂಥ ಲಿಂಗದ ಅಭ್ಯಾಸವಾದರೂ ಇರುತ್ತದೆ.

ಇಂಥ ಪಠ್ಯಗಳು ಜಾಸ್ತಿಯಾಗಿ ಎ1, ಎ2 ಹಂತದವು. ಭಾಷಾ ಕಲಿಕೆಯನ್ನು ಅಳೆಯುವ ಯುರೋಪಿನ ಆರು ಹಂತಗಳಲ್ಲಿ ಮೊದಲ ಎರಡು. ಸರ್ಟಿಫಿಕೇಟ್ ಬೇಕಾದರೆ ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್ತಿತೂತೊ ಸೆರ್ವಾಂತೆಸ್‌ನ 'ದೇಲೆ' ಪರೀಕ್ಷೆ ಇದೆ. ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಹೋಂಸ್ಟೇ ನಡೆಸುವವರಿಗೆ ಅದು ಬೇಕೇ ಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ಕೊನೆಗೆ ಅವರ ಪುಸ್ತಕದ್ದೇ ಒಂದು ಸಾಲು ತೆಗೆದೆವು. 'ಆಯ್ ಉನ್ ಲಾಪಿಸ್ ಎನ್ ಲಾ ಮೊಚಿಲಾ?' ಚೀಲದಲ್ಲಿ ಪೆನ್ಸಿಲ್ ಇದೆಯಾ? ಪೆನ್ಸಿಲ್ ತೆಗೆದು 'ಆಗ್ವಾ ಕಾಲ್ಯೆಂತೆ' ಹಾಕಿ, ಚೀಲ ತೆಗೆದು ಬಚ್ಚಲು ಹಾಕಿ ಅಂದೆ. 'ಆಯ್ ಆಗ್ವಾ ಕಾಲ್ಯೆಂತೆ ಎನ್ ಎಲ್ ಬಾಞೊ?' ಎರಡು ಸಲ ಹೇಳಿ ನೋಡಿದರು. "ಅಯ್ಯ, ಇದನ್ನೇ ಕೇಳ್ತಿದ್ರ್ರೀ ಸರ್ ಅವ್ರು!" ಅಂದರು. ಹೋಗುವಾಗ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಬೇಕು ಅಂತ ಅಂಗಡಿ ವಿಳಾಸ ಕೇಳಿದರು.