ಅರಳಿ ಕಟ್ಟೆಯಲ್ಲಿ ‘ಯಾರ ಮಗ’ ಅಂತ ಕೇಳುವಂತಿಲ್ಲ

ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಅಂತ ಒಂದು ಪುಟ ಇದೆ. ಅಲ್ಲಿ ಬರೆಯುವವರೆಲ್ಲ ಸೇರಿ ಮಾತಾಡುವ ಜಾಗ ಅದು. ಯಾರನ್ನು ನಿರ್ವಾಹಕರನ್ನಾಗಿ (ಅಂದರೆ ಸೈಟಿನ ಮೇಲ್ವಿಚಾರಕರನ್ನಾಗಿ) ಮಾಡಬೇಕು, ಯಾವ ನಿಯಮ ಬೇಕು, ಮುಂದಿನ ಸಲ ಎಲ್ಲಿ ಸೇರೋಣ ಎಂಬ ಮಾತೆಲ್ಲ ಅಲ್ಲೇ. ಇಂಗ್ಲಿಷಿನವರು ಇಂಥ ಪುಟವನ್ನು ಊರಿನ ನೀರಿನ ಪಂಪು ಅಂತ ಕರೆದುಕೊಂಡರು. ನಮ್ಮವರು ಮರದ ನೆರಳಿಗೆ ಬಂದು ಕೂತರು.

ಹೆಸರು ಚೆನ್ನಾಗಿದೆ. ಆದರೆ ಊರಿನ ಕಟ್ಟೆ ಮೇಲೆ ಹೊಸಬ ಬಂದು ಕೂತರೆ ಮೊದಲು ಕೇಳೋದೇ ‘ಯಾರ ಮಗನಪ್ಪಾ ನೀನು?’ ಅಂತ. ಈ ಕಟ್ಟೆಯಲ್ಲಿ ಅದನ್ನು ಕೇಳುವಂತಿಲ್ಲ. ನಿಜವಾದ ಹೆಸರು ಹೇಳಬೇಕಿಲ್ಲ, ಊರು ಹೇಳಬೇಕಿಲ್ಲ, ಏನು ಓದಿದ್ದೀರಿ ಅಂತಲೂ ಹೇಳಬೇಕಿಲ್ಲ. ಮತ್ತೆ ಒಬ್ಬರನ್ನೊಬ್ಬರು ನಂಬೋದು ಹೇಗೆ? ಆ ನಂಬಿಕೆ ಬೆಳೆದ ಕಥೆಗೆ ಈಗ 25 ವರ್ಷ. ಮಧ್ಯೆ ಹಲವು ಸಲ ಅದು ಮುರಿದೂ ಇದೆ.

ಮೊದಲು ಎಲ್ಲ ಉಲ್ಟಾ ಇತ್ತು. 2000ದ ಮಾರ್ಚ್‌ನಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ನ್ಯೂಪೀಡಿಯ ಎಂಬ ಆನ್‌ಲೈನ್ ವಿಶ್ವಕೋಶ ಶುರು ಮಾಡಿದರು. ಅದರ ಮುಖ್ಯ ಸಂಪಾದಕ ಲ್ಯಾರಿ ಸ್ಯಾಂಗರ್, ತತ್ವಶಾಸ್ತ್ರ ಓದಿದವರು. ಬರೆಯುವವರು ಆ ವಿಷಯ ಅರೆದು ಕುಡಿದವರಾಗಿರಬೇಕಿತ್ತು. ಬರೆದದ್ದು ಏಳು ಹಂತದ ಪರಿಶೀಲನೆ ದಾಟಬೇಕಿತ್ತು. ತಪ್ಪು ಒಳಗೆ ನುಸುಳಲು ಜಾಗವೇ ಇರಲಿಲ್ಲ. ಲೇಖನ ನುಸುಳಲೂ ಇರಲಿಲ್ಲ! ಒಂದು ವರ್ಷ ಕಳೆದರೂ ಸಿದ್ಧವಾದ ಲೇಖನ ಇಪ್ಪತ್ತರ ಆಸುಪಾಸು.

ಅಷ್ಟರಲ್ಲಿ ಇನ್ನೊಂದು ಐಡಿಯಾ ಕಣ್ಣಿಗೆ ಬಿತ್ತು. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲೇ, ಓದುವವರೇ ತಿದ್ದಬಹುದಾದ ವೆಬ್‌ಸೈಟ್ ಮಾಡಿದ್ದರು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುವ ಬಸ್ಸಿಗೆ ‘ವಿಕಿ ವಿಕಿ’ ಅಂತ ಹೆಸರು. ಹವಾಯಿ ಭಾಷೆಯಲ್ಲಿ ಹಾಗಂದರೆ ಬೇಗ ಬೇಗ. ಅದನ್ನೇ ಅವರು ತಮ್ಮ ಸೈಟಿಗೆ ಇಟ್ಟರು. 2001ರ ಜನವರಿ 15ರಂದು ವೇಲ್ಸ್ ಮತ್ತು ಸ್ಯಾಂಗರ್ ಅದೇ ತಂತ್ರದಲ್ಲಿ ವಿಕಿಪೀಡಿಯ ತೆರೆದರು. ನ್ಯೂಪೀಡಿಯಕ್ಕೆ ನಾಲ್ಕು ಕಚ್ಚಾ ಲೇಖನ ಸಿಕ್ಕರೆ ಸಾಕು ಅನ್ನೋದಷ್ಟೇ ಆಸೆ. ವರ್ಷ ಮುಗಿಯುವ ಹೊತ್ತಿಗೆ ಸುಮಾರು 20,000 ಲೇಖನ ಬಂದಿದ್ದವು. ನ್ಯೂಪೀಡಿಯ 2003ರಲ್ಲಿ ಬಾಗಿಲು ಹಾಕಿತು. ಸ್ಯಾಂಗರ್ 2002ರಲ್ಲೇ ಹೊರಗೆ ಬಂದಿದ್ದರು. ಬಲ್ಲವರಿಗೆ ಅಲ್ಲಿ ಮರ್ಯಾದೆ ಇಲ್ಲ ಅಂತ ಆಮೇಲೆ ಬಹಿರಂಗವಾಗಿಯೇ ದೂರಿದರು.

ಗುರುತು ಪರಿಚಯ ಇಲ್ಲದವರೆಲ್ಲ ಸೇರಿ ಬರೆದರೆ ರೈಲಿನ ಶೌಚಾಲಯದ ಗೋಡೆಯ ಥರ ಆಗಬೇಕಿತ್ತು ಅಲ್ವಾ? ಆಗದಿರಲು ಕಾರಣ ಪ್ರತಿ ಪುಟದ ಮೇಲಿರುವ ‘ಇತಿಹಾಸ’ ಎಂಬ ಸಣ್ಣ ಕೊಂಡಿ. ಯಾವ ಹೊತ್ತಿನಲ್ಲಿ, ಯಾವ ಖಾತೆಯಿಂದ, ಯಾವ ಅಕ್ಷರ ಬದಲಾಯಿತು ಅನ್ನೋದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಇಡೀ ಪುಟ ಅಳಿಸಿ ಹಾಕಿದರೂ ಹಳೆಯದು ಅಲ್ಲೇ ಇರುತ್ತದೆ. ಗೋಡೆಗೆ ಟಾರು ಬಳಿಯೋದು ಐದು ನಿಮಿಷದ ಕೆಲಸ, ತೊಳೆಯೋದು ಇಡೀ ದಿನದ್ದು. ಇಲ್ಲಿ ತೊಳೆಯೋದೇ ಸುಲಭ, ಒಂದು ಕ್ಲಿಕ್ಕು. ಜೊತೆಗೆ ಯಾವುದೇ ಪುಟಕ್ಕೆ ನಕ್ಷತ್ರದ ಗುರುತು ಹಾಕಿಟ್ಟುಕೊಂಡರೆ ಅದನ್ನು ಯಾರು ಮುಟ್ಟಿದರೂ ನಿಮಗೆ ಗೊತ್ತಾಗುತ್ತದೆ. ಹಾಗಾಗಿಯೇ ‘ಎದುರಿನವರ ಉದ್ದೇಶ ಒಳ್ಳೆಯದೇ ಅಂದುಕೊಳ್ಳಿ’ ಎಂಬ ನಡಾವಳಿಯನ್ನು ಅಷ್ಟು ಧೈರ್ಯವಾಗಿ ಬರೆದಿಟ್ಟರು. ನಂಬಿ ಕೆಟ್ಟರೂ ಕಳೆದುಕೊಳ್ಳುವುದು ಜಾಸ್ತಿ ಇಲ್ಲ.

ಈ ಲೆಕ್ಕದಲ್ಲಿ ಒಂದು ಶರತ್ತು ಅಡಗಿದೆ. ಯಾರಾದರೂ ನೋಡುತ್ತಾ ಇರಬೇಕು.

ಯಾರೂ ನೋಡದ ನಾಲ್ಕು ತಿಂಗಳು

2005ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾನ್ ಸೀಗೆಂಥಾಲರ್ ಎಂಬವರ ಬಗ್ಗೆ ಐದಾರು ವಾಕ್ಯದ ಪುಟವೊಂದು ಬಂತು. ಸೀಗೆಂಥಾಲರ್ ಅಮೆರಿಕದ ಹಿರಿಯ ಪತ್ರಕರ್ತರು. 1960ರ ದಶಕದ ಆರಂಭದಲ್ಲಿ ಅಧ್ಯಕ್ಷ ಜಾನ್ ಕೆನಡಿಯವರ ತಮ್ಮ ರಾಬರ್ಟ್ ಕೆನಡಿಯವರ ಜೊತೆ ಕೆಲಸ ಮಾಡಿದವರು. ಆ ಪುಟದಲ್ಲಿ ಇದ್ದದ್ದೇನು ಗೊತ್ತಾ? ಕೆನಡಿ ಸಹೋದರರ ಕೊಲೆಯಲ್ಲಿ ಇವರ ಕೈವಾಡ ಇತ್ತೆಂದು ಸ್ವಲ್ಪ ಕಾಲ ಜನ ಅಂದುಕೊಂಡಿದ್ದರು ಅಂತ. ಶುದ್ಧ ಸುಳ್ಳು. ಆ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೇ ಕೂತಿತ್ತು. ಆ ಪುಟದ ಮೇಲೆ ಕಣ್ಣಿಟ್ಟವರು ಇರಲಿಲ್ಲ, ಅಷ್ಟೇ.

78 ವರ್ಷದ ಸೀಗೆಂಥಾಲರ್ ನವೆಂಬರ್‌ನಲ್ಲಿ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದರು. ದೊಡ್ಡ ಗಲಾಟೆಯಾಯಿತು. ಕೊನೆಗೆ ಬರೆದಾತ ಸಿಕ್ಕ. ಜೊತೆಯಲ್ಲಿ ಕೆಲಸ ಮಾಡುವವರನ್ನು ನಗಿಸಲು ಸುಮ್ನೆ ಮಾಡಿದ ತಮಾಷೆಯಂತೆ. ಅದು ನಿಜವಾದ ವಿಶ್ವಕೋಶ ಅಂತ ಅವನಿಗೆ ಅನಿಸಿಯೇ ಇರಲಿಲ್ಲ. ಅವನು ಕೆಲಸ ಬಿಟ್ಟ, ಕ್ಷಮೆ ಕೇಳಿದ. ಸೀಗೆಂಥಾಲರ್ ಕೋರ್ಟಿಗೆ ಹೋಗಲಿಲ್ಲ. ಮೇಲಾಗಿ ಅವನ ಯಜಮಾನರಿಗೆ, ಅವನನ್ನು ವಾಪಸ್ ತಗೊಳ್ಳಿ ಅಂತ ಹೇಳಿದರು. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ನೆನಪಿರುವುದು ಈ ಒಂದು ಮಾತೇ.

ವಿಕಿಪೀಡಿಯ ಮಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ ಇಂಗ್ಲಿಷ್ ಆವೃತ್ತಿಯಲ್ಲಿ ಹೊಸ ಪುಟ ಶುರುಮಾಡಲು ಖಾತೆ ಬೇಕೇಬೇಕು ಅಂತಾಯಿತು. ಬದುಕಿರುವವರ ಬಗ್ಗೆ ಬರೆಯಲು ಬೇರೆಯೇ ಬಿಗಿಯಾದ ನಿಯಮ ಬಂತು. ತಮಾಷೆ ಅಂದರೆ, ಅದೇ ತಿಂಗಳು ನೇಚರ್ ಎಂಬ ವಿಜ್ಞಾನ ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ಹಳೆಯ ವಿಶ್ವಕೋಶ ಬ್ರಿಟಾನಿಕದ ಜೊತೆ ಹೋಲಿಸಿ ನೋಡಿತು. ವಿಕಿಪೀಡಿಯದಲ್ಲಿ ಲೇಖನಕ್ಕೆ ಸುಮಾರು ನಾಲ್ಕು ತಪ್ಪು, ಬ್ರಿಟಾನಿಕದಲ್ಲಿ ಸುಮಾರು ಮೂರು. ಬ್ರಿಟಾನಿಕದವರು ಆ ಲೆಕ್ಕವನ್ನು ಒಪ್ಪಲಿಲ್ಲ. ಅದೇನೇ ಇರಲಿ, ವಿಜ್ಞಾನದ ಪುಟಗಳ ಮೇಲೆ ಕಣ್ಣಿಟ್ಟವರು ಬೇಕಾದಷ್ಟು ಜನ ಇದ್ದರು. ನಿವೃತ್ತ ಪತ್ರಕರ್ತರೊಬ್ಬರ ಪುಟಕ್ಕೆ ಒಬ್ಬರೂ ಇರಲಿಲ್ಲ.

2007ರಲ್ಲಿ ಇನ್ನೊಂದು ಪೆಟ್ಟು. ಎಲ್ಲರೂ ಗೌರವಿಸುತ್ತಿದ್ದ ಹಿರಿಯ ಬಳಕೆದಾರರೊಬ್ಬರು ತಾನು ಧರ್ಮಶಾಸ್ತ್ರದ ಪ್ರೊಫೆಸರ್ ಅಂತ ಹೇಳಿಕೊಂಡಿದ್ದರು. ವಾದ ಬಂದಾಗ ಆ ಪದವಿಯನ್ನು ಮುಂದಿಡುತ್ತಲೂ ಇದ್ದರು. ನೋಡಿದರೆ ಅವರು 24ರ ಯುವಕ, ಡಾಕ್ಟರೇಟ್ ಇಲ್ಲವೇ ಇಲ್ಲ. ಹಾಗಾದರೆ ಎಲ್ಲರ ಡಿಗ್ರಿಯನ್ನೂ ಪರಿಶೀಲಿಸೋಣ ಎಂಬ ಸಲಹೆ ಬಂತು, ಸಮುದಾಯ ಒಪ್ಪಲಿಲ್ಲ. ನೀವು ಯಾರಾದರೂ ಆಗಿ, ಆಧಾರ ಎಲ್ಲಿದೆ ತೋರಿಸಿ ಅನ್ನುವ ಪಟ್ಟು ಇನ್ನೂ ಗಟ್ಟಿಯಾಯಿತು. ನನ್ನ ಪ್ರಕಾರ ಅದೇ ಸರಿ. ಡಿಗ್ರಿ ಕೇಳುತ್ತಾ ಕೂತ ನ್ಯೂಪೀಡಿಯ ಏನಾಯಿತು ಅಂತ ನೋಡಿದ್ದೇವಲ್ಲ.

ಬಾಗಿಲಲ್ಲೇ ಗದರಿಸಿದರೆ

ಮೋಸ ಆದಾಗಲೆಲ್ಲ ಒಂದು ನಿಯಮ ಹುಟ್ಟುತ್ತಿತ್ತು. ನಿಯಮದ ಹಿಂದೆ ಅದನ್ನು ಕಾಯುವ ಬಾಟ್‌ಗಳು (ತಾವೇ ಪುಟ ತಿದ್ದುವ ಪ್ರೋಗ್ರಾಮ್‌ಗಳು), ಒಂದೇ ಕ್ಲಿಕ್ಕಿನಲ್ಲಿ ಬದಲಾವಣೆ ರದ್ದು ಮಾಡುವ ಉಪಕರಣಗಳು ಬಂದವು. ಕಿಡಿಗೇಡಿಗಳ ಕಾಟ ಕಡಿಮೆಯಾಯಿತು. ಜೊತೆಗೆ ಬರೆಯುವವರೂ ಕಡಿಮೆಯಾದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳಿಗೆ ಐದು ಸಲವಾದರೂ ತಿದ್ದುವವರ ಸಂಖ್ಯೆ 2007ರಲ್ಲಿ 50,000 ದಾಟಿತ್ತು. ಮುಂದಿನ ಆರೇಳು ವರ್ಷದಲ್ಲಿ ಅದು 30,000ದ ಹತ್ತಿರಕ್ಕೆ ಇಳಿಯಿತು.

ಆರನ್ ಹಾಫಾಕರ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2013ರಲ್ಲಿ ಇದರ ಕಾರಣ ಹುಡುಕಿದರು. ಹೊಸದಾಗಿ ಬಂದವರ ಗುಣಮಟ್ಟ ಕೆಟ್ಟಿರಲಿಲ್ಲ. ಅವರನ್ನು ಎದುರುಗೊಳ್ಳುವ ರೀತಿ ಬದಲಾಗಿತ್ತು. ಒಬ್ಬಾಕೆ ತನ್ನೂರಿನ ಬಗ್ಗೆ ಎರಡು ಸಾಲು ಸೇರಿಸುತ್ತಾಳೆ ಅಂದುಕೊಳ್ಳಿ. ಆಧಾರ ಕೊಡಬೇಕು ಅಂತ ಅವಳಿಗೆ ಗೊತ್ತಿಲ್ಲ. ಅರ್ಧ ನಿಮಿಷದಲ್ಲಿ ಆ ಸಾಲು ಮಾಯ. ಅವಳ ಪುಟದಲ್ಲಿ ಯಂತ್ರ ಬರೆದ ಎಚ್ಚರಿಕೆ. 2003ರಲ್ಲಾದರೆ ಯಾರೋ ಒಬ್ಬರು ‘ಬನ್ನಿ, ಹೀಗೆ ಬರೆಯಿರಿ’ ಅಂತ ಹೇಳಿರುತ್ತಿದ್ದರು. ಈಗ ಅವಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅವಳನ್ನು ಉಳಿಸಿಕೊಳ್ಳಲೆಂದೇ 2012ರಲ್ಲಿ ‘ಟೀಹೌಸ್’ ಎಂಬ ಪುಟ ತೆರೆದರು. ಹೊಸಬರು ಏನು ಬೇಕಾದರೂ ಕೇಳಬಹುದು, ಹಳಬರು ಗದರಿಸದೆ ಉತ್ತರ ಹೇಳಬೇಕು. ಹತ್ತು ವರ್ಷ ನಿಯಮ ಕಟ್ಟಿದ ಮೇಲೆ ಮತ್ತೆ ಚಹಾ ಕೊಟ್ಟು ಮಾತಾಡಿಸುವಲ್ಲಿಗೆ ಬಂದು ನಿಂತಿತು.

ನಮ್ಮ ಕಡೆಯ ಕಷ್ಟವೇ ಬೇರೆ

ಇದೆಲ್ಲ ಜನ ಹೆಚ್ಚಿರುವವರ ಗೋಳು. ಇಂಗ್ಲಿಷಿನಲ್ಲಿ ಈಗ ಸುಮಾರು 70 ಲಕ್ಷ ಲೇಖನ ಇವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ 30,000ಕ್ಕೂ ಸ್ವಲ್ಪ ಜಾಸ್ತಿ. ನಿರ್ವಾಹಕರನ್ನು ಬೆರಳಲ್ಲಿ ಎಣಿಸಬಹುದು. ಇಷ್ಟು ಜನ ಅಷ್ಟೂ ಪುಟಗಳ ಮೇಲೆ ಕಣ್ಣಿಡುವುದು ಆಗದ ಮಾತು. ಊರಿನ ಪುಟದಲ್ಲಿ ‘ಪ್ರಮುಖ ವ್ಯಕ್ತಿಗಳು’ ಅಂತ ಯಾರೋ ತಮ್ಮ ಹೆಸರು, ತಮ್ಮ ಗೆಳೆಯರ ಹೆಸರು ಸೇರಿಸಿರುವುದನ್ನು ನೀವೂ ನೋಡಿರಬಹುದು.

ನೋಡುವವರು ಇಲ್ಲದಿದ್ದರೆ ಎಲ್ಲಿಗೆ ಹೋಗಿ ನಿಲ್ಲಬಹುದು ಅನ್ನೋದು 2020ರಲ್ಲಿ, ಸ್ಕಾಟ್ಲೆಂಡಿನಲ್ಲಿ ಆಡುವ, ಇಂಗ್ಲಿಷಿಗೆ ಹತ್ತಿರದ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಗೊತ್ತಾಯಿತು. ಅಲ್ಲಿನ 20,000ಕ್ಕೂ ಹೆಚ್ಚು ಲೇಖನ ಒಬ್ಬನದೇ ಕೈಬರಹ. ಅವನು ಅಮೆರಿಕದ ಹುಡುಗ. ಹನ್ನೆರಡನೇ ವಯಸ್ಸಿನಲ್ಲಿ ಶುರುಮಾಡಿದ್ದ. ಅವನಿಗೆ ಸ್ಕಾಟ್ಸ್ ಬರುತ್ತಲೇ ಇರಲಿಲ್ಲ! ಇಂಗ್ಲಿಷ್ ವಾಕ್ಯಕ್ಕೆ ಸ್ಕಾಟ್ಸ್ ಥರದ ಕಾಗುಣಿತ ತೊಡಿಸಿ ವರ್ಷಗಟ್ಟಲೆ ಬರೆದಿದ್ದ. ಕೆಡಿಸಬೇಕು ಅಂತ ಬಂದವನಲ್ಲ, ಸೇವೆ ಅಂದುಕೊಂಡೇ ಮಾಡಿದ್ದ. ಸುದ್ದಿ ಹೊರಬಿದ್ದಾಗ ಜನ ಅವನ ಮೇಲೆ ಮುಗಿಬಿದ್ದು ಬೈದರು. ಸ್ಕಾಟ್ಸ್ ಬಲ್ಲ ಒಂದಿಷ್ಟು ಜನ ಮಾತ್ರ ಸೇರಿಕೊಂಡು ಪುಟ ತಿದ್ದಲು ಕೂತರು. ಅವರು ಅಷ್ಟು ವರ್ಷ ಎಲ್ಲಿದ್ದರು ಅಂತ ಕೇಳಬೇಕು ಅನಿಸುತ್ತದೆ. ಆದರೆ ಕೇಳುವ ಹಕ್ಕು ಕನ್ನಡಿಗರಾದ ನಮಗಿಲ್ಲ.

ಯಾಕೆಂದರೆ ನಮ್ಮಲ್ಲೂ ಅದರ ಇನ್ನೊಂದು ರೂಪ ನಡೆದಿದೆ. 2009ರ ಸುಮಾರಿಗೆ ಗೂಗಲ್ ತನ್ನ ಅನುವಾದ ಉಪಕರಣ ಬಳಸಿ, ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಹಿಂದಿ ಮತ್ತಿತರ ಭಾಷೆಗಳಿಗೆ ತರಿಸಿತು. ಸ್ವಯಂಸೇವಕರ ಜೊತೆ ಅನುವಾದ ಏಜೆನ್ಸಿಗಳೂ ಇದ್ದವು. 2010ರ ಮಧ್ಯದ ಹೊತ್ತಿಗೆ ಎಲ್ಲ ಭಾಷೆ ಸೇರಿ 1.6 ಕೋಟಿಗೂ ಹೆಚ್ಚು ಪದ ಆಗಿದೆ ಎಂದು ಗೂಗಲ್ ಹೇಳಿತು. ಸಣ್ಣ ಸಣ್ಣ ಚುಟುಕು ಪುಟಗಳ ನಡುವೆ ಇದ್ದಕ್ಕಿದ್ದಂತೆ ಮಾರುದ್ದದ ಲೇಖನಗಳು ಬಂದು ಬಿದ್ದವು. ಅಮೆರಿಕದ ನಟರು, ಕಂಪನಿಗಳು, ರೋಗಗಳು. ವಾಕ್ಯ ಕನ್ನಡದ್ದು, ಒಳಗಿನ ಉಸಿರು ಇಂಗ್ಲಿಷಿನದು.

ತಮಿಳರು ಸುಮ್ಮನೆ ಕೂರಲಿಲ್ಲ. ಒಂದೊಂದನ್ನೇ ಓದಿ ತಪ್ಪು ಪಟ್ಟಿ ಮಾಡಿದರು. ಅನುವಾದಕರು ತಂದು ಹಾಕಿ ಹೋಗುತ್ತಾರೆ, ಚರ್ಚೆ ಪುಟದಲ್ಲಿ ಕೇಳಿದರೆ ಉತ್ತರ ಇಲ್ಲ ಅಂತ ಹೇಳಿದರು. ಆ ವರ್ಷ ಪೋಲೆಂಡಿನಲ್ಲಿ ನಡೆದ, ವಿಕಿಪೀಡಿಯದವರು ಸೇರುವ ವಿಕಿಮೇನಿಯ ಸಮ್ಮೇಳನದಲ್ಲೇ ಅದನ್ನು ಮುಂದಿಟ್ಟರು. ಬಂಗಾಳಿಯವರು ಇಂಥ ಲೇಖನ ಬೇಡವೇ ಬೇಡ ಅಂದರು. ಬೇಡ ಅನ್ನಲೂ ಜನ ಬೇಕು. ಕನ್ನಡದಲ್ಲಿ ಆಗ ಅಷ್ಟು ಜನ ಇರಲಿಲ್ಲ. ಹೆಚ್ಚಿನ ಲೇಖನಗಳು ಬಂದ ಹಾಗೇ ಉಳಿದುಬಿಟ್ಟವು.

ಜನರನ್ನು ತರಲು ಕಾಲೇಜುಗಳ ಬಾಗಿಲನ್ನೂ ತಟ್ಟಿದ್ದಾಯಿತು. 2011ರಲ್ಲಿ ಪುಣೆಯ ಕಾಲೇಜು ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಸುವ ಯೋಜನೆ ಶುರುವಾಯಿತು. ಅಂಕದ ಆಸೆಗೆ ಬಂದ ಎಷ್ಟೋ ಮಕ್ಕಳು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದರು. ತೊಳೆಯುವ ಕೆಲಸ ದೂರದ ಸ್ವಯಂಸೇವಕರ ತಲೆಗೆ ಬಂತು. ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಕರಾವಳಿಯವರು ಬೇರೆ ದಾರಿ ಹಿಡಿದರು. ಹೊಸ ಭಾಷೆಗೆ ವಿಕಿಪೀಡಿಯ ಬೇಕಾದರೆ ಅರ್ಜಿ ಹಾಕಿದರೆ ಸಾಲದು. ಇನ್‌ಕ್ಯುಬೇಟರ್ ಎಂಬ ಜಾಗದಲ್ಲಿ ತಿಂಗಳಾನುಗಟ್ಟಲೆ ಬಿಡದೆ ಬರೆದು, ನಾವಿದ್ದೇವೆ ಅಂತ ತೋರಿಸಬೇಕು. ತುಳುವಿನ ಪುಟಗಳು ಅಲ್ಲಿ ವರ್ಷಗಳ ಕಾಲ ಕಾದವು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಬರೆದಾಗ ಕೆಲಸ ಸಾಗಲಿಲ್ಲ. ಒಂದೆಡೆ ಸೇರಿ, ಪಕ್ಕದಲ್ಲಿ ಕೂತು ಹೇಳಿಕೊಡುವ ಸಂಪಾದನೋತ್ಸವಗಳು ನಡೆದ ಮೇಲೆ ವೇಗ ಬಂತು. 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಸ್ವಂತ ವಿಳಾಸ ಪಡೆಯಿತು. ಅಲ್ಲಿ ಮುಖ ನೋಡಿದ ಪರಿಚಯ ಇತ್ತು. ನಾಳೆ ಮತ್ತೆ ಸಿಗುತ್ತೇವೆ ಎಂಬ ಸಣ್ಣ ಸಂಕೋಚವೂ ಇತ್ತು. ಪರದೆಯ ಮೇಲಿನ ನಕ್ಷತ್ರಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗನಿಸುತ್ತದೆ.

ಯಂತ್ರ ಅನುವಾದ ಈಗ ವಿಕಿಪೀಡಿಯದ ಒಳಗೇ ಸಿಗುತ್ತದೆ, ಮೊದಲಿಗಿಂತ ಎಷ್ಟೋ ಚೆನ್ನಾಗಿಯೂ ಇದೆ. ತಿದ್ದದೆ ಹಾಗೇ ಹಾಕಲು ಹೋದರೆ ಎಚ್ಚರಿಸುತ್ತದೆ, ತೀರಾ ಅತಿಯಾದರೆ ಪ್ರಕಟಿಸಲು ಬಿಡುವುದಿಲ್ಲ. ಆದರೆ ತಿದ್ದಿದ್ದು ಸರಿಯೋ ತಪ್ಪೋ ಅಂತ ಅದಕ್ಕೆ ತಿಳಿಯುವುದಿಲ್ಲ. ಅದನ್ನು ಕನ್ನಡ ಓದುವ ಯಾರಾದರೂ ನೋಡಿಯೇ ಹೇಳಬೇಕು. ಗೂಗಲ್ ಕಾಲದ ಮಾರುದ್ದದ ಲೇಖನಗಳಲ್ಲಿ ಒಂದನ್ನು ತೆರೆದು ‘ಇತಿಹಾಸ’ ಒತ್ತಿ ನೋಡಿ. ಒಂದೇ ಏಟಿಗೆ ಬಂದ ಸಾವಿರಾರು ಪದ. ಆಮೇಲೆ ಬಾಟ್, ಬಾಟ್, ಮತ್ತೆ ಬಾಟ್. ನಡುವೆ ಎಲ್ಲೋ ಒಂದು ಕಡೆ ಯಾರೋ ಬಂದು ಒಂದು ಕಾಗುಣಿತ ಸರಿಮಾಡಿ ಹೋಗಿರುತ್ತಾರೆ.