ಕಟಕ ರೊಟ್ಟಿ ಮತ್ತು ಬಾವಲಿ ಮರಿಯ ದವಡೆ

ಒಂದು ತುಂಡು ಕಟಕ ರೊಟ್ಟಿ ಬಾಯಿಗೆ ಹಾಕಿಕೊಂಡು ಕಣತಲೆಯ ಮೇಲೆ ಬೆರಳಿಡಿ. ಅಗಿದಾಗಲೆಲ್ಲ ಚರ್ಮದ ಕೆಳಗೆ ಏನೋ ಉಬ್ಬಿ ಇಳಿಯುತ್ತದೆ, ಅಲ್ವಾ? ಅದೇ ದವಡೆಯನ್ನು ಮೇಲಕ್ಕೆಳೆಯುವ ಸ್ನಾಯು. ಅದರ ಜೊತೆಗಾರ ಗಲ್ಲದಲ್ಲಿದೆ. ಬಾವಲಿಯ ತಲೆಯಲ್ಲೂ ಇವೇ ಇವೆ. ಕಣತಲೆಯದ್ದಂತೂ ಜಾಸ್ತಿ ದಪ್ಪ.

ವಿಜಯಪುರದ ನಮ್ಮ ಮನೆಯಲ್ಲಿ ಹಲ್ಲು ಬರುತ್ತಿದ್ದ ಕೂಸಿಗೆ ಅಜ್ಜಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಬಾವಲಿ ಮರಿಗೆ ಇಷ್ಟು ಪುರಸೊತ್ತಿಲ್ಲ. ಹುಟ್ಟುವಾಗಲೇ ಅದು ತಾಯಿಯ ತೂಕದ ಸುಮಾರು ಕಾಲು ಭಾಗ ಇರುತ್ತದೆ. 50 ಕೆಜಿಯ ಹೆಂಗಸು 12 ಕೆಜಿಯ ಕೂಸು ಹೆತ್ತ ಲೆಕ್ಕ! ಜೋತುಬೀಳಲು ಕಾಲು ಬೇಕಲ್ಲ, ಅದು ಆಗಲೇ ಬಲಿತಿರುತ್ತದೆ. ರೆಕ್ಕೆ ಮಾತ್ರ ಗಿಡ್ಡ. ತಲೆಯಲ್ಲೂ ಹಾಗೇ: ಮಿದುಳಿನ ಬುರುಡೆ ಗುಂಡಗೆ ದೊಡ್ಡದು, ಮೂತಿ ಚಿಕ್ಕದು. ಎಷ್ಟೋ ಜಾತಿಗಳಲ್ಲಿ ಹಾಲುಹಲ್ಲುಗಳು ತುದಿ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳು. ಅಗಿಯಲು ಅವು ಬಾರವು. ತಾಯಿಯ ಮೊಲೆತೊಟ್ಟನ್ನು ಬಿಡದೆ ಕಚ್ಚಿಕೊಂಡಿರಲು ಅವು ಬೇಕು.

ಹುಳ ತಿನ್ನುವ ಅನೇಕ ಬಾವಲಿಗಳು ಮೂರ್ನಾಲ್ಕು ವಾರಕ್ಕೇ ಹಾರಲು ಕಲಿಯುತ್ತವೆ. ಅಷ್ಟರೊಳಗೆ ಹಾಲುಹಲ್ಲು ಉದುರಿ ಗಟ್ಟಿ ಹಲ್ಲು ಬರಬೇಕು, ದವಡೆಯ ಸ್ನಾಯು ತುಂಬಿಕೊಳ್ಳಬೇಕು, ಮೂತಿ ಮುಂದಕ್ಕೆ ಬೆಳೆಯಬೇಕು. ನನಗೆ ಸೋಜಿಗ ಅನ್ನಿಸುವುದು ಇಲ್ಲಿ. ಎಲುಬು ಸುಮ್ನೆ ತನ್ನ ಪಾಡಿಗೆ ಬೆಳೆಯುವುದಿಲ್ಲ. ಸ್ನಾಯು ಎಳೆದ ಕಡೆ ಅದು ಗಟ್ಟಿಯಾಗುತ್ತದೆ. ಕಣತಲೆಯ ಸ್ನಾಯುಗಳು ಎರಡೂ ಪಕ್ಕದಿಂದ ದಪ್ಪವಾಗುತ್ತಾ ನೆತ್ತಿಗೆ ಹತ್ತಿದರೆ, ಅವಕ್ಕೆ ಅಂಟಿಕೊಳ್ಳಲು ಜಾಗ ಸಾಲದು. ಆಗ ನೆತ್ತಿಯ ನಡುವೆ ಹೊಲದ ಬದುವಿನಂಥ ಏಣೊಂದು ಏಳುತ್ತದೆ. ಮರಿಯ ಬುರುಡೆಯಲ್ಲಿ ಅದು ಇರುವುದಿಲ್ಲ.

ಊಟ ಬದಲಾದರೆ ತಲೆಯೂ ಬದಲು. ಬಾಲ ಹೊರಗೆ ಚಾಚಿಕೊಂಡಿರುವ ಬಾವಲಿಗಳದ್ದೊಂದು ಕುಟುಂಬವಿದೆ. 1979ರಲ್ಲಿ ಪ್ರಾಣಿವಿಜ್ಞಾನಿ ಪೆಟ್ರೀಷಿಯಾ ಫ್ರೀಮನ್ ಅವುಗಳ ಬುರುಡೆಗಳನ್ನು ಹೋಲಿಸಿ ತೋರಿಸಿದರು: ಗಟ್ಟಿ ಚಿಪ್ಪಿನ ದುಂಬಿ ತಿನ್ನುವವಕ್ಕೆ ದಪ್ಪ ದವಡೆ, ಎದ್ದು ಕಾಣುವ ಏಣು. ಮೆತ್ತನೆಯ ಪತಂಗ ತಿನ್ನುವವಕ್ಕೆ ತೆಳು ದವಡೆ. ಇದೇ ಕುಟುಂಬದ ಅಪರೂಪದ ಬಾವಲಿಯೊಂದು ನಮ್ಮ ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಲ್ಲಿದೆ. ಜಗತ್ತಿಗೆ ಅದರ ಪರಿಚಯವಾದದ್ದೇ ಆ ಗುಹೆಯಿಂದ, 1913ರಲ್ಲಿ.

ಊರಿನ ಹಳೆ ಕಮಾನುಗಳ ಕೆಳಗೆ ಬೆಳಿಗ್ಗೆ ಒಮ್ಮೊಮ್ಮೆ ಮಿಡತೆಯ ರೆಕ್ಕೆ, ಕಪ್ಪೆಯ ಕಾಲು ಬಿದ್ದಿರುತ್ತವೆ. ಫಾಲ್ಸ್ ವ್ಯಾಂಪೈರ್ ಎನ್ನುವ ಬಾವಲಿ ಊಟ ಮಾಡಿ ಬಿಟ್ಟದ್ದಿರಬಹುದು. (ಹೆಸರಷ್ಟೇ ಹಾಗೆ, ರಕ್ತ ಹೀರುವುದಿಲ್ಲ ಪಾಪ.) ಇವನ್ನು ಸಾಕಿ ನೋಡಿದ ಸಂಶೋಧಕರಿಗೆ, ತಾಯಿ ತಾನು ಹಿಡಿದ ಕಪ್ಪೆ, ಹಲ್ಲಿಗಳನ್ನು ಮರಿಗೆ ಕೊಡುವುದು ಕಂಡಿದೆ. ಹಾಲು ಬಿಡುವ ಹೊತ್ತಿನ ಮರಿ ಅದನ್ನು ತಾಯಿಯ ಬಾಯಿಂದಲೇ ಎಳೆದುಕೊಳ್ಳುತ್ತದೆ.