65 ದಾಟಿದ ಮೇಲೂ ಹಾರ್ಮೋನ್ ಚಿಕಿತ್ಸೆ ಬೇಕೇ?

ಪ್ರಶ್ನೆ: ನನಗೀಗ 66 ವರ್ಷ. ಮುಟ್ಟು ನಿಂತಾಗ ಮೈಯೆಲ್ಲ ಬಿಸಿಯೇರಿ ಬೆವರುವುದು, ರಾತ್ರಿಯಿಡೀ ನಿದ್ದೆಯಿಲ್ಲದಿರುವುದು ತಡೆಯಲಾಗದಷ್ಟಿತ್ತು. 53ನೇ ವಯಸ್ಸಿನಲ್ಲಿ ಎಚ್‌ಆರ್‌ಟಿ (ಹಾರ್ಮೋನ್ ಚಿಕಿತ್ಸೆ) ಮಾತ್ರೆ ಶುರುವಾಯಿತು, ಇಂದಿಗೂ ನುಂಗುತ್ತಿದ್ದೇನೆ, ಆರಾಮಾಗಿದ್ದೇನೆ. ಆದರೆ ಈಗ ನೋಡುತ್ತಿರುವ ವೈದ್ಯರು ‘ಈ ವಯಸ್ಸಿಗೆ ಇನ್ನೂ ಯಾಕೆ?’ ಅನ್ನುತ್ತಾರೆ. ನಿಲ್ಲಿಸಲೇಬೇಕೇ?

ಉತ್ತರ: ವಯಸ್ಸು 65 ಆಯಿತು ಎಂಬ ಒಂದೇ ಕಾರಣಕ್ಕೆ ನಿಲ್ಲಿಸಬೇಕಿಲ್ಲ. ಉತ್ತರ ಅಮೆರಿಕದ ಮೆನೋಪಾಸ್ (ಮುಟ್ಟು ನಿಲ್ಲುವಿಕೆ) ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹಾಗಂತ ‘ಇಷ್ಟು ವರ್ಷ ಏನೂ ಆಗಿಲ್ಲ, ಇನ್ನು ಮುಂದೆಯೂ ಆಗದು’ ಎಂಬ ಧೈರ್ಯ ಮುಂದುವರಿಸಲು ಸಾಲದು. ಮಾತ್ರೆ ಹದಿಮೂರು ವರ್ಷದಿಂದ ಅದೇ ಇರಬಹುದು, ಅದನ್ನು ನುಂಗುವ ಮೈ ಮಾತ್ರ ಅದೇ ಅಲ್ಲ. ವೈದ್ಯರು ಕೇಳಿದ ‘ಯಾಕೆ’ ಒಳ್ಳೆಯ ಪ್ರಶ್ನೆಯೇ. ಅದನ್ನು ಗದರಿಕೆಯೆಂದು ತಿಳಿಯದೆ ನಿಜವಾಗಿ ಉತ್ತರಿಸಲು ಕೂತರೆ ಅರ್ಧ ಗೊಂದಲ ಕಳೆಯುತ್ತದೆ.

ಈ ಚಿಕಿತ್ಸೆಯ ಸುತ್ತ ಇರುವ ಭಯ ಹುಟ್ಟಿದ್ದು 2002ರ ಜುಲೈನಲ್ಲಿ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶ ಇದ್ದ 16,608 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡುತ್ತಿದ್ದರು. ಸರಾಸರಿ 5.2 ವರ್ಷವಾಗುವಷ್ಟರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 10,000 ಮಹಿಳೆಯರು ಒಂದು ವರ್ಷ ಈ ಮಾತ್ರೆ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿ ಸಿಕ್ಕಿಕೊಳ್ಳುವುದು 8, ಹೃದಯಾಘಾತದಂಥ ತೊಂದರೆ 7 ಹೆಚ್ಚಾಗುತ್ತವೆ. ಸೊಂಟದ ಮೂಳೆ ಮುರಿತ 5, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆಯಾಗುತ್ತವೆ. ಸಂಖ್ಯೆಗಳು ಚಿಕ್ಕವೇ. ಆದರೆ ಸುದ್ದಿ ಹಬ್ಬಿದ ರಭಸಕ್ಕೆ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು.

ಆಮೇಲೆ ಒಂದು ಸಮಾಧಾನ ಚಾಲ್ತಿಗೆ ಬಂತು: ಆ ಅಧ್ಯಯನದ ಮಹಿಳೆಯರ ಸರಾಸರಿ ವಯಸ್ಸು 63, ಆಗಷ್ಟೇ ಮುಟ್ಟು ನಿಂತವರಿಗೆ ಅದನ್ನು ಅನ್ವಯಿಸುವುದು ತಪ್ಪು. ಮಾತು ನಿಜವೇ. 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಲಾಭದ ತೂಕವೇ ಹೆಚ್ಚು ಎಂದು ಈಗ ಒಪ್ಪಲಾಗಿದೆ. ಆದರೆ ಈ ಸಮಾಧಾನ 66ರ ನಿಮಗೆ ಪೂರ್ತಿ ದಕ್ಕುವುದಿಲ್ಲ. ನೀವು ಸರಿಯಾದ ವಯಸ್ಸಿಗೇ ಶುರು ಮಾಡಿದವರು, ಅದು ನಿಮ್ಮ ಪರವಾಗಿದೆ. ಆದರೆ ವಯಸ್ಸು ಈಗ ಆ ಅಧ್ಯಯನದ ಮಹಿಳೆಯರ ಸರಾಸರಿಯನ್ನೂ ದಾಟಿದೆ. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಮಾತ್ರೆಯಿಲ್ಲದೆಯೂ ವಯಸ್ಸಿನ ಜೊತೆ ಏರುವ ಅಪಾಯಗಳು. ಮಾತ್ರೆ ಈ ಅಪಾಯವನ್ನು ಮೊದಲಿನಷ್ಟೇ ಪಟ್ಟು ಹೆಚ್ಚಿಸಿದರೂ, ಮೂಲ ದೊಡ್ಡದಾದಾಗ ಗುಣಲಬ್ಧವೂ ದೊಡ್ಡದಾಗುತ್ತದೆ.

ಸ್ತನ ಕ್ಯಾನ್ಸರ್ ವಿಷಯದಲ್ಲಿ ನೋಡಬೇಕಾದದ್ದು ಎಷ್ಟು ವರ್ಷ, ಯಾವ ಬಗೆ ಎಂಬುದನ್ನು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್ ಆಗಬಹುದು, ಅದಕ್ಕೇ ಜೊತೆಗೊಂದು ಪ್ರೊಜೆಸ್ಟೋಜನ್ (ಮೇಲೆ ಹೇಳಿದ ಪ್ರೊಜೆಸ್ಟಿನ್ ಈ ಬಗೆಯದೇ) ಕೊಡುತ್ತಾರೆ. ಸ್ತನಕ್ಕೆ ಹೆಚ್ಚು ಅಪಾಯ ತರುವುದು ಈ ಜೋಡಿಯೇ. ಪ್ರಪಂಚದ ಹಲವೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, 50ನೇ ವಯಸ್ಸಿನಿಂದ ಐದು ವರ್ಷ ದಿನವೂ ಎರಡನ್ನೂ ತೆಗೆದುಕೊಂಡ ಸುಮಾರು 50 ಮಹಿಳೆಯರಲ್ಲಿ ಒಬ್ಬರಿಗೆ, 70 ತುಂಬುವುದರೊಳಗೆ ಹೆಚ್ಚುವರಿಯಾಗಿ ಈ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ ಅದು 200ಕ್ಕೆ ಒಬ್ಬರು. ವರ್ಷ ಹೆಚ್ಚಾದಂತೆ ಅಪಾಯವೂ ಹೆಚ್ಚು. ನೀವು ಹದಿಮೂರು ವರ್ಷ ತೆಗೆದುಕೊಂಡಿದ್ದೀರಿ. ನಿಮ್ಮ ಮಾತ್ರೆಯಲ್ಲಿ ಎರಡೂ ಇವೆಯೋ ಒಂದೇ ಇದೆಯೋ ಎಂಬುದನ್ನು ನೀವು ಬರೆದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ‘ಯಾಕೆ’ ಎಂಬುದಕ್ಕೆ ಬರೋಣ. ಮೈಬಿಸಿಗಾಗಿ ಶುರು ಮಾಡಿದ್ದೀರಿ. ಅದು ಈಗಲೂ ಇದೆಯೇ ಎಂಬುದು ಮಾತ್ರೆ ನುಂಗುತ್ತಿರುವವರೆಗೂ ಯಾರಿಗೂ ಗೊತ್ತಾಗದು. ಇದು ಈ ಚಿಕಿತ್ಸೆಯ ವಿಚಿತ್ರ. ಅಮೆರಿಕದಲ್ಲಿ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದಲ್ಲಿ ಆಗಾಗ ಮೈಬಿಸಿ ಕಾಡುತ್ತಿದ್ದವರಲ್ಲಿ ಅದು ಸಾಮಾನ್ಯವಾಗಿ ಏಳೂವರೆ ವರ್ಷದ ಹತ್ತಿರ ನಡೆಯಿತು. ಆ ಲೆಕ್ಕದಲ್ಲಿ ನಿಮ್ಮದು ಎಂದೋ ಅಡಗಿರಬಹುದು. ಆದರೆ 70ರಲ್ಲೂ ರಾತ್ರಿ ಹೊದಿಕೆ ಒದ್ದೆಯಾಗಿ ಏಳುವವರಿದ್ದಾರೆ, ಅವರದ್ದೇನೂ ಕಲ್ಪನೆಯಲ್ಲ. ತಿಳಿಯಲು ಇರುವ ದಾರಿ ಒಂದೇ: ವೈದ್ಯರ ಜೊತೆ ಮಾತಾಡಿಕೊಂಡು ಪ್ರಮಾಣ ಇಳಿಸಿ ನೋಡುವುದು. ಒಮ್ಮೆಲೇ ಬಿಡುವುದಕ್ಕೂ ಮೆಲ್ಲನೆ ಬಿಡುವುದಕ್ಕೂ ದೂರದ ಪರಿಣಾಮದಲ್ಲಿ ವ್ಯತ್ಯಾಸ ಕಂಡಿಲ್ಲ. ಮೆಲ್ಲನೆ ಬಿಟ್ಟರೆ ಮೊದಲ ವಾರಗಳ ಕಾಟ ಕಡಿಮೆ, ಅಷ್ಟೆ. ಬಿಟ್ಟ ಕೂಡಲೇ ಬಿಸಿ ಮರಳುವುದು ತೀರಾ ಸಾಮಾನ್ಯ. ಹತ್ತು ದಿನಕ್ಕೇ ‘ನನಗಿದು ಬೇಕೇ ಬೇಕು’ ಎಂದು ತೀರ್ಮಾನಿಸದೆ ಕೆಲವು ತಿಂಗಳು ಕೊಟ್ಟು ನೋಡಿ.

ಮುಂದುವರಿಸಲು ಮೂಳೆ ಕಾರಣವಾಗಬಲ್ಲದು. ಈಸ್ಟ್ರೋಜನ್ ಮೂಳೆಯನ್ನು ಕಾಯುತ್ತದೆ, ಆದರೆ ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಆ ರಕ್ಷಣೆ ಕರಗುತ್ತದೆ. ಹಾಗಾಗಿ ನಿಲ್ಲಿಸುವ ಯೋಚನೆ ಬಂದಾಗಲೇ ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆಯ ಸಾಂದ್ರತೆ ತಿಳಿದುಕೊಳ್ಳುವುದು ಜಾಣತನ. ಸವೆದಿದ್ದರೆ ಮೂಳೆಗೆಂದೇ ಬೇರೆ ಔಷಧಗಳಿವೆ. ಹೃದಯ ಕಾಯುತ್ತದೆ, ನೆನಪು ಉಳಿಸುತ್ತದೆ, ಚರ್ಮ ಸುಕ್ಕಾಗದು ಎಂದು ಈ ವಯಸ್ಸಿನಲ್ಲಿ ಹಾರ್ಮೋನ್ ನುಂಗುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. 65 ದಾಟಿದವರಿಗೆ ಜೋಡಿ ಮಾತ್ರೆ ಹೊಸದಾಗಿ ಕೊಟ್ಟು ನೋಡಿದಾಗ ಮರೆಗುಳಿತನ ಇಳಿಯುವ ಬದಲು ಇಮ್ಮಡಿಯಾಯಿತು ಎಂದು 2003ರಲ್ಲೇ ವರದಿಯಾಗಿದೆ. ಇದಕ್ಕೆ ಎದುರಾಗಿ ಈಚೆಗೆ, 65ರ ಮೇಲೂ ಈಸ್ಟ್ರೋಜನ್ ಮುಂದುವರಿಸಿದವರು ಹೆಚ್ಚು ಕಾಲ ಬದುಕಿದ್ದಾರೆ ಎನ್ನುವ ವಿಮಾ ದಾಖಲೆಗಳ ವಿಶ್ಲೇಷಣೆಗಳು ಬಂದಿವೆ. ಆದರೆ ಆ ವಯಸ್ಸಿನಲ್ಲಿ ವೈದ್ಯರು ಮುಂದುವರಿಸಲು ಬಿಡುವುದೇ ಗಟ್ಟಿಮುಟ್ಟಾಗಿರುವವರಿಗೆ. ಆಯುಸ್ಸು ಕೊಟ್ಟದ್ದು ಮಾತ್ರೆಯೋ ಮೊದಲೇ ಇದ್ದ ಆರೋಗ್ಯವೋ ಎಂದು ಇಂಥ ದಾಖಲೆಯಿಂದ ಬಿಡಿಸಿ ಹೇಳಲಾಗದು.

ಮುಂದುವರಿಸುವುದು, ನಿಲ್ಲಿಸುವುದು, ಇವೆರಡರ ನಡುವೆ ಇನ್ನೊಂದು ದಾರಿಯಿದೆ, ಅದರ ಮಾತೇ ಬರುವುದಿಲ್ಲ. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಜೆಲ್ ನೇರ ರಕ್ತಕ್ಕಿಳಿಯುವುದರಿಂದ ಈ ಅಪಾಯ ಹೆಚ್ಚಿದಂತೆ ಅಧ್ಯಯನಗಳಲ್ಲಿ ಕಂಡಿಲ್ಲ. ಬೇಕೇ ಬೇಕೆನ್ನುವ 66ರ ಮಹಿಳೆ ಮಾತ್ರೆಯಿಂದ ಕಡಿಮೆ ಪ್ರಮಾಣದ ಪ್ಯಾಚಿಗೆ ಬದಲಾಗುವುದು ನನ್ನ ಮಟ್ಟಿಗೆ ಮೊದಲ ಹೆಜ್ಜೆ. ಸ್ತನದ ಅಪಾಯ ಇದರಿಂದ ತೊಲಗುವುದಿಲ್ಲ, ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ತಪ್ಪಿಸಬಾರದು. ನಿಮ್ಮದು ಟಿಬೊಲೋನ್ ಎಂಬ ಕೃತಕ ಹಾರ್ಮೋನ್ ಮಾತ್ರೆ ಆಗಿದ್ದರೆ ಬದಲಾವಣೆ ಇನ್ನೂ ತುರ್ತಿನದು: ವಯಸ್ಸಾದ ಮಹಿಳೆಯರ ಮೇಲೆ ನಡೆದ ಪ್ರಯೋಗವೊಂದನ್ನು ಅದು ಪಾರ್ಶ್ವವಾಯು ಹೆಚ್ಚಿಸಿತೆಂದೇ ನಿಲ್ಲಿಸಿದ್ದರು. ಹಾರ್ಮೋನ್ ಬೇಡವೇ ಬೇಡವೆಂದರೆ ಮೈಬಿಸಿಗೆ ಫೆಜೊಲಿನೆಟಾಂಟ್‌ನಂಥ ಹೊಸ ಔಷಧ, ಕೆಲವು ಖಿನ್ನತೆ ನಿವಾರಕಗಳು, ನರನೋವಿಗೆ ಕೊಡುವ ಗ್ಯಾಬಾಪೆಂಟಿನ್ ಇವೆ.

ಯೋನಿ ಒಣಗಿ ಉರಿಯುವುದು, ಪದೇ ಪದೇ ಮೂತ್ರದ ಸೋಂಕು ಇವುಗಳ ಕಥೆಯೇ ಬೇರೆ. ಮೈಬಿಸಿ ಒಂದು ದಿನ ಅಡಗುತ್ತದೆ, ಇವು ವಯಸ್ಸಿನೊಂದಿಗೆ ಹೆಚ್ಚುತ್ತವೆ. ಅಲ್ಲಿಗಷ್ಟೇ ಹಾಕುವ ಈಸ್ಟ್ರೋಜನ್ ಮುಲಾಮು ಅಥವಾ ಸಣ್ಣ ಗುಳಿಗೆ ಸಾಕು. ರಕ್ತಕ್ಕೆ ಸೇರುವುದು ತೀರಾ ಅಲ್ಪ, ಅದಕ್ಕೆ 80ರಲ್ಲೂ ಅಡ್ಡಿಯಿಲ್ಲ. ಪೊಟ್ಟಣದೊಳಗಿನ ಚೀಟಿಯಲ್ಲಿ ಮಾತ್ರೆಗೆ ಬರೆದ ಎಚ್ಚರಿಕೆಗಳನ್ನೇ ಇದಕ್ಕೂ ಅಚ್ಚು ಹಾಕಿರುವುದುಂಟು, ಅದನ್ನೋದಿ ಎಷ್ಟೋ ಮಂದಿ ಹಾಗೇ ಎತ್ತಿಟ್ಟುಬಿಡುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಬಳಸಬೇಕು.

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಿನಲ್ಲೋ ಶ್ವಾಸಕೋಶದಲ್ಲೋ ಗಡ್ಡೆ, ಇವುಗಳಲ್ಲಿ ಯಾವುದಾದರೂ ಬಂದರೆ ನುಂಗುವ ಮಾತ್ರೆಯ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಯೋನಿಯಿಂದ ರಕ್ತ ಕಂಡರೆ, ಒಂದೇ ಹನಿಯಾದರೂ, ‘ಮಾತ್ರೆಯದ್ದೇ ಇರಬೇಕು’ ಎಂದುಕೊಳ್ಳದೆ ತೋರಿಸಿ. ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಗೊತ್ತಾದರೆ ಈ ಮಾತ್ರೆಯ ವಿಷಯವನ್ನು ಮೊದಲೇ ತಿಳಿಸಿ.

ಇದನ್ನೋದಿ ನಾಳೆಯೇ ಹೆದರಿ ಬಿಟ್ಟುಬಿಡಬೇಡಿ. ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಮಾತ್ರೆ ಶುರು ಮಾಡಿದ ಮೊದಲ ವರ್ಷದಲ್ಲಿ. ಈಗ ಬಿಟ್ಟು, ತಡೆಯಲಾರದೆ 69ಕ್ಕೆ ಮತ್ತೆ ಕೇಳಲು ಹೋದರೆ ಆಗ ನೀವು ಮುಂದುವರಿಸುವವರಲ್ಲ, 69ಕ್ಕೆ ಹೊಸದಾಗಿ ಶುರು ಮಾಡುವವರು. ಅದಕ್ಕೆ ಒಪ್ಪುವ ವೈದ್ಯರು ಕಡಿಮೆ, ಒಪ್ಪದಿರುವುದೇ ಸರಿ.